ಟ್ಯಾಂಕಿನ ಮೇಲಿನ ಗೀರು

ನನ್ನ ಸೋದರಮಾವನ ವರ್ಕ್‌ಶಾಪಿನ ಕಕ್ಕಸಿನಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು. ಅದರೊಳಗೆ ಬ್ರೇಕ್ ಲಿವರ್, ಕ್ಲಚ್ ಲಿವರ್, ಹೆಡ್‌ಲೈಟಿನ ಬಳೆ, ಒಂದು ಹಿಡಿ ಬೋಲ್ಟು, ಎರಡು ಹಿಡಿ ಉಪ್ಪು. ಮೇಲಿಂದ ಒಂಬತ್ತು ದಿನ ಮಾವನೇ ಹೊಯ್ದ ಮೂತ್ರ. ಹೊಸ ಲೋಹಕ್ಕೆ ಐವತ್ತು ವರ್ಷ ವಯಸ್ಸು ಬರಿಸಲು ಇದಕ್ಕಿಂತ ಒಳ್ಳೆಯ ಔಷಧವಿಲ್ಲ ಎಂಬುದು ಅವನ ವಾದ. ದಿನಾ ಬೆಳಿಗ್ಗೆ ಇಕ್ಕಳದಲ್ಲಿ ಅವನ್ನು ಮಗುಚಿಹಾಕುವ ಕೆಲಸ ನನ್ನದು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆದರೆ ಅಲ್ಲೂ ಅದೇ.

ಇಷ್ಟೆಲ್ಲ ಒಂದು ಇಟಲಿಯ ಬೈಕಿಗಾಗಿ. ಎಪ್ಪತ್ತರ ದಶಕದ್ದು, ಅವಳಿ ಸಿಲಿಂಡರಿನದು, ರೇಸಿಗೆಂದೇ ಮಾಡಿದ್ದು. ತಯಾರಾದದ್ದೇ ಕೆಲವು ನೂರಂತೆ. ಅದರ ಮಡ್‌ಗಾರ್ಡ್ ಒಂದು ಸಿಕ್ಕರೂ ಸಂಗ್ರಹಕಾರರು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ಬೈಕಿನಲ್ಲಿ ಎಂಜಿನ್ನಿನ ಹೊರಕವಚ ಮತ್ತು ಚಾಸಿಯ ಮುಂಭಾಗ ಮಾತ್ರ ನಿಜವಾಗಿ ಹಳೆಯವು. ಉಳಿದದ್ದೆಲ್ಲ ನಾವು ಮಾಡಿದ್ದು, ಮಾಡಿ ಹಾಳು ಮಾಡಿದ್ದು.

ಕೊಳ್ಳಲು ಬಂದವರು ಒಬ್ಬ ಹಲ್ಲಿನ ಡಾಕ್ಟರು. ತೀರಿಕೊಂಡ ಅವರ ಅಣ್ಣನ ಬಳಿ ಇಂಥದೇ ಬೈಕ್ ಇತ್ತು. ಕಾಯಿಲೆ ಬಿದ್ದಾಗ ಅಣ್ಣ ಅದನ್ನು ಮಾರಿದ್ದರು. ಅದನ್ನೇ ಡಾಕ್ಟರು ಮೂವತ್ತು ವರ್ಷದಿಂದ ಹುಡುಕುತ್ತಿದ್ದರು. ಮೊದಲ ಸಲ ಬಂದಾಗ ಅಣ್ಣ ಬೈಕಿನ ಪಕ್ಕ ನಿಂತ ಫೋಟೋ ಕೊಟ್ಟು, ಹೋಲಿಸಿ ನೋಡಿ ಎಂದು ಹೋದರು. ಮಾವ ಹೋಲಿಸಲಿಲ್ಲ. ಫೋಟೋದ ಜೊತೆ ಒಂದು ಭೂತಗನ್ನಡಿಯನ್ನು ನನ್ನ ಕೈಗಿಟ್ಟ.

"ಟ್ಯಾಂಕಿನ ಹಿಂಭಾಗದಲ್ಲಿ ಗೀರು ಕಾಣಿಸ್ತಾ? ಬೆಲ್ಟಿನ ಬಕಲ್ ತಾಗಿ ಆಗಿರೋದು. ನಮ್ಮ ಟ್ಯಾಂಕಿನ ಮೇಲೂ ಹಾಗೇ ಇಳಿಸು."

"ಮಾವ, ಇದು ಅವರ ಅಣ್ಣಂದಲ್ವಲ್ಲ."

"ಅಲ್ಲ ಅಂತ ಬೈಕ್ ಬಾಯಿ ಬಿಟ್ಟು ಹೇಳುತ್ತಾ? ನಿನ್ನ ಸಂಜೆ ಕಾಲೇಜಿನ ನೀತಿಪಾಠನ ಸಂಜೆಗೆ ಇಟ್ಕೋ ಅಳಿಯ. ಈಗ ಕೆಲಸ ನೋಡು."

ನೋಡಿದೆ. ಮಂಗಳವಾರ ನನ್ನದೇ ಬೆಲ್ಟು ಬಿಚ್ಚಿ, ಬಕಲನ್ನು ಸಾವಿರ ಸಲ ಉಜ್ಜಿ, ಗೀರಿನೊಳಗೆ ಹಳೆಯ ಎಣ್ಣೆ ಮತ್ತು ಮಸಿ ತುಂಬಿದೆ. ಎಷ್ಟು ಚೆನ್ನಾಗಿ ಬಂತೆಂದರೆ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದೆ. ಆಗ ಖುಷಿಪಟ್ಟದ್ದು ನೆನಪಾದರೆ ಈಗಲೂ ಬಾಯಲ್ಲಿ ಹುಳಿ ನೀರು ಬರುತ್ತದೆ.

ಶುಕ್ರವಾರ ಡಾಕ್ಟರು ಬಂದರು. ಕನ್ನಡಕ ಹಾಕಿಕೊಂಡು ಗೀರಿನ ಮೇಲೆ ಬೆರಳಾಡಿಸಿದರು.

"ಇದೇ. ಅಣ್ಣಂದೇ," ಎಂದರು.

ಮಾವ ಸಾವಿನ ಮನೆಗೆ ಬಂದವನಂತೆ ತಲೆ ತಗ್ಗಿಸಿ ನಿಂತಿದ್ದ. ಡಾಕ್ಟರು ಬಗ್ಗಿದರು; ಹೆಡ್‌ಲೈಟಿನ ಬಳೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದರು. ತುಟಿಯೂ ತಾಗುತ್ತಿತ್ತು. ಹೇಳಬಾರದೆಂದೇ ಇದ್ದೆ, ಆದರೆ ನೋಡಲಾಗಲಿಲ್ಲ.

"ಸಾರ್, ಮುಖ ತೆಗೀರಿ. ಅದನ್ನ ಮೂತ್ರದಲ್ಲಿ ನೆನೆಸಿದ್ದೀವಿ."

ಅವರು ನಿಧಾನವಾಗಿ ನೆಟ್ಟಗಾದರು. "ಯಾರ ಮೂತ್ರ?"

"ನಮ್ಮ ಮಾವಂದು, ಸಾರ್."

"ಇವನ ಮಾತು ಕಟ್ಕೋಬೇಡಿ ಡಾಕ್ಟ್ರೇ," ಎಂದ ಮಾವ. "ಹುಟ್ಟಿದಾಗಿಂದ ಒಂದು ಸುತ್ತು ಕಮ್ಮಿ. ಅಕ್ಕನ ಮಗ ಅಂತ ಇಟ್ಕೊಂಡಿದ್ದೀನಿ."

ನಾನು ಉಳಿದದ್ದನ್ನೂ ಹೇಳಿದೆ. ಫೋಟೋ, ಭೂತಗನ್ನಡಿ, ಬಕಲು, ಮಸಿ. ಡಾಕ್ಟರು ನಲ್ಲಿಯ ಬಳಿಗೆ ಹೋಗಿ ನಮ್ಮ ಕಪ್ಪು ಹಿಡಿದ ಸೋಪಿನಲ್ಲೇ ಮೂರು ಸಲ ಮುಖ ತೊಳೆದರು. ಕೆಲಸ ಹೋಯಿತು, ವರ್ಕ್‌ಶಾಪಿನ ಮೇಲಿನ ನಮ್ಮ ಕೋಣೆಯೂ ಹೋಯಿತು, ಹೆಂಡತಿಗೆ ಏನೆನ್ನಲಿ ಎಂದು ನಾನು ಯೋಚಿಸುತ್ತಿದ್ದೆ. ಆದರೂ ಒಂಬತ್ತು ದಿನಗಳ ನಂತರ ಮೊದಲ ಸಲ ಉಸಿರು ಸಲೀಸಾಗಿ ಆಡುತ್ತಿತ್ತು.

ಡಾಕ್ಟರು ಕರವಸ್ತ್ರದಲ್ಲಿ ಕಿವಿಯ ಹಿಂದೆ ಒರೆಸಿಕೊಳ್ಳುತ್ತ ವಾಪಸು ಬಂದರು.

"ಇದು ಇನ್ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ," ಎಂದ ಮಾವ.

"ಭಾನುವಾರ ನಮ್ಮ ಕ್ಲಬ್ಬಿನವರು ನೋಡೋಕೆ ಬರ್ತಾರೆ. ಅಣ್ಣನ ಬೈಕ್ ಸಿಕ್ತು ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ." ಅವರು ಟ್ಯಾಂಕಿನ ಕಡೆ ಬಗ್ಗಿದರು, ಈ ಸಲ ಮುಟ್ಟದೆ. "ಬೋಲ್ಟು ಗೀಲ್ಟು ಎಲ್ಲ ಬಿಸಿನೀರಲ್ಲಿ ತೊಳೆದು ಕೊಡಿ. ಮತ್ತೆ ಈ ಗೀರು ಇನ್ನೂ ಒಂದು ಬೆರಳು ಕೆಳಗಿನವರೆಗೆ ಇರಬೇಕಿತ್ತು, ಫೋಟೋದಲ್ಲಿ ಅಷ್ಟು ಕಾಣಲ್ಲ. ಅಣ್ಣನಿಗೆ ಹೊಟ್ಟೆ ಇತ್ತು, ಬೆಲ್ಟು ತಗ್ಗಿಸಿ ಕಟ್ತಿದ್ದ. ಅವನನ್ನ ನೋಡಿದ್ದವರು ಕ್ಲಬ್ಬಲ್ಲಿ ಇಬ್ಬರಿದ್ದಾರೆ."

ಮಾವ ನನ್ನ ಮುಖ ನೋಡಿದ.

"ನನ್ನ ಕೈಲಾಗಲ್ಲ," ಎಂದೆ.

"ಬೇಡ ಬಿಡಪ್ಪ, ಹರಿಶ್ಚಂದ್ರ," ಎಂದು ಮಾವ ತನ್ನದೇ ಬೆಲ್ಟು ಬಿಚ್ಚಿದ. ಡಾಕ್ಟರು ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ರೋಗಿಯ ಬಾಯಿಗೆ ಹಿಡಿಯುವಂತೆ ಟ್ಯಾಂಕಿಗೆ ಹಿಡಿದರು. "ಇನ್ನೂ ಕೆಳಗೆ. ಹಾಂ, ಅಲ್ಲಿ." ಮಾವನ ಕೈ ಒರಟು, ಬಕಲು ಕರಕರ ಎನ್ನುತ್ತ ಬಣ್ಣ ಕೀಳುತ್ತಿತ್ತು. ಬಾಗಿಲು ತೆರೆದೇ ಇತ್ತು. ನಾನು ಹೊರಗೆ ಹೋಗಿಬಿಡಬಹುದಿತ್ತು.

"ಅಷ್ಟು ಒತ್ತಬೇಡಿ ಮಾವ," ಎಂದೆ. "ಹೊಸದು ಅಂತ ಗೊತ್ತಾಗುತ್ತೆ."