ಬಿಸಿನೀರಿನ ಉಪಚಾರ

ಮೇಕೆ ಒಂಟೆ ಸಾಕುವ ನಮ್ಮ ಅಫಾರ ಜನರಲ್ಲಿ ಹೆಣ್ಣು ಹುಟ್ಟಿತೆಂದರೆ ಸೋದರಮಾವನ ಮಗನಿಗೆ ಅಂತಲೇ ಲೆಕ್ಕ. ಕದೀಗಾ ಹಾಗೆ ಬೊದ್ದಾಯನಿಗೆ ಸೇರಬೇಕಾದವಳು. ಮದುವೆ ಹತ್ತಿರ ಬಂದಾಗ ಬಿಸಿನೀರಿನ ಬುಗ್ಗೆಗಳ ಬಳಿ ಅವನ ಮೇಕೆಯೊಂದರ ಕಾಲು ಹೆಪ್ಪುಗಟ್ಟಿದ ಉಪ್ಪಿನ ಪದರದಲ್ಲಿ ಸಿಕ್ಕಿಕೊಂಡಿತು. ಎಳೆಯಲು ಹೋದ ಕದೀಗಾಳ ಕಾಲಡಿಯ ನೆಲವೇ ಕುಸಿಯಿತು. ಅಡಿಯ ಕುದಿನೀರಿನಲ್ಲಿ ಎಡಗಾಲು ಮೊಣಕಾಲಿನವರೆಗೆ ಬೆಂದುಹೋಯಿತು. ಗಾಯ ಮಾಯಿತು, ಪಾದ ಸೊಟ್ಟಗಾಯಿತು. ಬೊದ್ದಾಯ ಒಮ್ಮೆ ಬಂದು, ಹೊರಗೇ ಕೂತು ಹಾಲು ಕುಡಿದು, ಜಿಬೂತಿಯ ಬಂದರಿಗೆ ಕೂಲಿಗೆ ಹೊರಟುಹೋದ. ಆಮೇಲೆ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ.

ವರ್ಷಗಳು ಕಳೆದ ಮೇಲೆ ಅವನನ್ನು ಒಂಟೆಯ ಮೇಲೆ ಹಾಕಿಕೊಂಡು ತಂದರು. ಕೀಲುಗಳು ಬಾತು, ನಿಲ್ಲಲೂ ಆಗುತ್ತಿರಲಿಲ್ಲ. ಇಂಥ ನೋವಿಗೆ ನಮ್ಮ ಕೆಳಗಿನ ಹೊಂಡದ ನೀರೇ ಮದ್ದು. ಅತ್ತೆಯ, ಅಂದರೆ ಕದೀಗಾಳ ತಾಯಿಯ, ಮನೆಯಲ್ಲೇ ಉಳಿದ. ಅತ್ತೆಗೆ ಕಣ್ಣು ಮಂಜು; ಕದೀಗಾಳ ತಂಗಿ ಆಸ್ಯಾ ಮೇಕೆಗಳ ಹಿಂದೆ. ಹೀಗಾಗಿ ದಿನಾ ಬೆಳಿಗ್ಗೆ ಅವನನ್ನು ನೀರಿಗಿಳಿಸುವ ಕೆಲಸ ಕದೀಗಾಳಿಗೆ ಬಿತ್ತು. ಇಬ್ಬರು ಕುಂಟರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹಬೆಯ ನಡುವೆ ಹೋಗುವುದನ್ನು ನೋಡಿ ಜನ ನಕ್ಕರು.

"ನನ್ ಮೇಲೆ ಇನ್ನೂ ಕೋಪನಾ?" ಅಂತ ಅವನು ಒಂದು ದಿನ ಕೇಳಿದ.

"ಕೋಪ ಇದ್ದಿದ್ರೆ ಮೇಲಿನ ಹೊಂಡಕ್ಕೆ ಇಳಿಸ್ತಿದ್ದೆ ಭಾವ. ಅಲ್ಲಿ ಮಾಂಸ ಬೇಯುತ್ತೆ."

ಅವನು ನಕ್ಕ. ಅವಳೂ ನಕ್ಕಳು. ಅಂದಿನಿಂದ ತಾಯಿ ತಾಳೆಗರಿಯ ಚಾಪೆ ಹೆಣೆಯಲು ಕೂತಳು. ಮದುವೆಯ ಹೊಸ ಗುಡಿಸಲಿಗೆ ಹೊದಿಸುವಂಥವು. ಯಾರಿಗೆ ಅಂತ ಕದೀಗಾ ಕೇಳಲಿಲ್ಲ. ಬಹಳ ಕಾಲದ ಮೇಲೆ ಸಿಂಗಾರಕ್ಕೆಂದು ತಲೆಗೆ ಬೆಣ್ಣೆ ಹಚ್ಚಿಕೊಂಡಳು.

ಬೊದ್ದಾಯ ಮೊದಲು ಕೋಲೂರಿ, ಆಮೇಲೆ ಕೋಲಿಲ್ಲದೆ ನಡೆದ. ಹಾಗೆ ನಡೆದ ವಾರದಲ್ಲೇ ಅತ್ತೆಯ ಮುಂದೆ ಕೂತು, ತನ್ನ ಹಕ್ಕಿನ ಹುಡುಗಿಯನ್ನು ಕೊಡಿ, ದೊಡ್ಡವಳ ಬದಲು ಚಿಕ್ಕವಳನ್ನು ಅಂದ. ಹಕ್ಕು ಹಕ್ಕೇ. ತಾಯಿ ಆಗಲಿ ಅಂದಳು.

ಹೊರಗೆ ಹಾಲು ಕರೆಯುತ್ತಿದ್ದ ಕದೀಗಾಳ ಬಳಿ ಅವನೇ ಬಂದ.

"ನಿನ್ನ ಉಪಕಾರ ಮರೆಯಲ್ಲ ಕದೀಗಾ. ಆದ್ರೆ ಒಂಟೆ ಜೊತೆ ನಡೆಯೋಳು ಬೇಕಲ್ಲ ನಂಗೆ."

"ಮೊನ್ನೆವರೆಗೂ ನೀನೇ ನಡೀತಿರಲಿಲ್ಲ ಭಾವ," ಅಂದಳು ಅವಳು, ಕೆಚ್ಚಲಿನಿಂದ ಕಣ್ಣು ತೆಗೆಯದೆ.

ಆಸ್ಯಾ ಊಟ ಬಿಟ್ಟಳು, ಅತ್ತಳು, ಚಿಕ್ಕಪ್ಪನ ಮನೆಗೆ ಓಡಿಹೋದಳು. ಚಿಕ್ಕಪ್ಪನೇ ಕರೆತಂದು ಬಿಟ್ಟ. ಮದುವೆಯಾಗಿ ಹೊರಡುವ ದಿನ ಚಾಪೆಗಳನ್ನು ಒಂಟೆಗೆ ಬಿಗಿದವಳು ಕದೀಗಾ. ತಾಯಿಗೆ ಗಂಟು ಕಾಣುತ್ತಿರಲಿಲ್ಲ. ಆಗ ಆಸ್ಯಾ ಪಕ್ಕಕ್ಕೆ ಬಂದು ನಿಂತಳು.

"ಅವನನ್ನ ಬಿದ್ದಲ್ಲೇ ಬಿಟ್ಟಿದ್ರೆ ನಾನು ಇಲ್ಲೇ ಇರ್ತಿದ್ದೆ. ನೀನೇ ಎಬ್ಬಿಸಿ ನಿಲ್ಲಿಸ್ದೆ, ಅಕ್ಕ."

ನನಗಾಗಿ ಅವನನ್ನು ನಿಲ್ಲಿಸಿದ್ದೆ ಅಂತ ಕದೀಗಾ ಹೇಳಬಹುದಿತ್ತು. ಹಗ್ಗ ಎಳೆದು ಕಟ್ಟಿದಳು.

ಮೊದಲ ಹೆರಿಗೆಗೆ ಆಸ್ಯಾ ತವರಿಗೆ ಬಂದಳು. ಹೆತ್ತು, ಮೈ ಚೇತರಿಸಿಕೊಂಡು ಹೋಗುವವರೆಗೂ ತಾಯಿಯೊಡನೆ ಮಾತ್ರ ಮಾತಾಡಿದಳು. ಕದೀಗಾ ಗಂಜಿ ತಂದಿಟ್ಟರೆ, ಅಕ್ಕ ಆಚೆ ಹೋದ ಮೇಲೇ ಆಸ್ಯಾ ಬಟ್ಟಲು ಎತ್ತಿಕೊಳ್ಳುತ್ತಿದ್ದಳು.