ಮಂಕು ಬೆಸುಗೆ

ಬೆಸುಗೆಯಕ್ಕ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷ ರಿಪೇರಿ ಅಂಗಡಿಯ ಒಳಮೇಜಿನಲ್ಲಿ ಕೂತು ರೇಡಿಯೋ, ಟಾರ್ಚು, ಆಟಿಕೆಗಳಿಗೆಲ್ಲ ಜೀವ ಕೊಟ್ಟವಳು ಅವಳು. ಮುಂದಿನ ಕೌಂಟರಿನಲ್ಲಿ ನಿಂತು ಹೊಗಳಿಕೆಯನ್ನೆಲ್ಲ ಬಾಚಿಕೊಂಡವನು ಗಂಡ. ಕೈ ಅವಳದು, ಬಾಯಿ ಅವನದು. ಪಾರ್ಶ್ವವಾಯು ಹೊಡೆದು ಅವಳ ಬಲಗೈ, ಮಾತು ಎರಡೂ ಹೋಗಿ ಈಗ ಎರಡು ತಿಂಗಳು. ದೇವರ ನ್ಯಾಯ ನೋಡಿ, ಹೇಳಿದ್ದನ್ನೇ ಹೇಳುವವನ ಬಾಯಿಗೆ ಏನೂ ಆಗಲಿಲ್ಲ.

ಅಂಗಡಿ ಹಿಂದಿನ ಕೋಣೆಯಲ್ಲಿ ಮಲಗಿದ ಅವಳಿಗೆ ಉಳಿದ ಮಾತೆಂದರೆ ಹಾಸಿಗೆ ಪಕ್ಕದ ಕರೆಗಂಟೆಯ ಗುಂಡಿ. ಎರಡು ಸೆಲ್ ಕೂರುವ ಪ್ಲಾಸ್ಟಿಕ್ ಡಬ್ಬಿ, ಅದರ ಬೆನ್ನಿಗೆ ಅಂಟಿಸಿದ ಗುಂಡಿ, ಅಲ್ಲಿಂದ ಕೌಂಟರಿನ ಗಂಟೆವರೆಗೆ ಉದ್ದನೆಯ ವೈರು. ನಿನ್ನೆ ವೈರು ಡಬ್ಬಿಯಿಂದ ಕಿತ್ತುಬಂದಿತ್ತು. ಅವಳು ಒತ್ತಿದಳು, ಮತ್ತೆ ಒತ್ತಿದಳು, ಕೊನೆಗೆ ಒದ್ದೆ ಹಾಸಿಗೆಯಲ್ಲೇ ಮಧ್ಯಾಹ್ನವೆಲ್ಲ ಮಲಗಿದ್ದಳು. ಸಾಯುವಷ್ಟು ನಾಚಿಕೆಯಾಗಿತ್ತು. ಆ ನಾಚಿಕೆ ಇನ್ನೊಂದು ಸಲ ಬೇಡ ಎಂಬುದಷ್ಟೇ ಈಗ ಅವಳ ಆಸೆ.

ಬೆಳಿಗ್ಗೆ ಗಂಡ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಬಿಸಿ ಮಾಡಿಕೊಂಡು ಹಾಸಿಗೆ ಪಕ್ಕದಲ್ಲೇ ಕೂತ.

"ಇಷ್ಟು ವರ್ಷ ನೀನು ಮಾಡೋದನ್ನ ನೋಡಿಲ್ವಾ ನಾನು? ಇದೇನು ಮಹಾ."

ಎನ್ನುತ್ತ ಡಬ್ಬಿಯೊಳಗೆ ಎರಡು ಹೊಸ ಸೆಲ್ ತುರುಕಿದ.

ಅವನು ನೋಡಿದ್ದೇನೋ ನಿಜ, ಆದರೆ ದೂರದ ಕೌಂಟರಿನಿಂದ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ವೈರು ಬೆಸೆಯುವ ತಗಡಿನ ಕಿವಿ ವಾಲದಿರಲಿ ಎಂದು ಅವಳು ಡಬ್ಬಿಯಲ್ಲಿ ಇಡುತ್ತಿದ್ದುದು ಸೆಲ್ ಅಲ್ಲ, ಪೊರಕೆಯ ಮರದ ಹಿಡಿಯನ್ನು ಸೆಲ್ಲಿನಷ್ಟೇ ಉದ್ದಕ್ಕೆ ಕತ್ತರಿಸಿದ ತುಂಡು. ನಿಜವಾದ ಸೆಲ್ ಕಾದರೆ ಸೋರುತ್ತದೆ, ಸಿಡಿದರೂ ಸಿಡಿದೀತು. ಅವನು ಐರನ್ನನ್ನು ಆ ತಗಡಿನ ಕಿವಿಗೆ ಒತ್ತಿ ಹಿಡಿದೇ ಇದ್ದ. ತುಕ್ಕು ಕೆರೆದಿರಲಿಲ್ಲ, ಸೋಲ್ಡರ್ ಹರಿಯದೆ ಉಂಡೆ ಕಟ್ಟುತ್ತಿತ್ತು. ಮುಖವನ್ನು ಡಬ್ಬಿಯ ಮೇಲೆಯೇ ಬಗ್ಗಿಸಿದ್ದ.

"ಬ್ಬ, ಬ್ಬ."

"ನೀರಾ? ಒಂದ್ನಿಮಿಷ ತಡಿ."

ಇಲ್ಲವೆಂದು ಅವಳು ತಲೆಯಾಡಿಸಿದಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅವನ ಕಣ್ಣು ಹೋದರೆ ಗತಿಯೇನು ಎಂದು ಹೆದರಿ, ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಅರಚಿದಳು. ಅವನು ಬೆಚ್ಚಿ ಐರನ್ ಎತ್ತಿದ. ಸೋಲ್ಡರ್ ಗಟ್ಟಿಯಾಗುವ ಮೊದಲೇ ವೈರು ಅಲುಗಿತು. ಮಿನುಗಬೇಕಾದ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿದ್ದು ಅವಳಿಗೆ ಕಂಡಿತು. ಅವನಿಗೆ ಕಾಣಲಿಲ್ಲ.

ಅವನು ಗುಂಡಿ ಒತ್ತಿದ. ಕೌಂಟರಿನಲ್ಲಿ ಗಂಟೆ ಬಡಿದುಕೊಂಡಿತು.

"ಆಯ್ತು ನೋಡು. ಅದಕ್ಕೆ ಇಷ್ಟು ಗಾಬರಿ ಯಾಕೆ? ಏನು ಬೇಕಾದ್ರೂ ಒತ್ತು, ಹಾರ್ಕೊಂಡು ಬರ್ತೀನಿ," ಎಂದು ಹೋದ.

ಮಂಕು ಬೆಸುಗೆಯ ಆಯುಸ್ಸು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒತ್ತಿದಾಗಲೆಲ್ಲ ವೈರು ಜಗ್ಗುತ್ತದೆ. ಇನ್ನೊಂದು ಸಲ ತಡೆದೀತು, ಹೆಚ್ಚೆಂದರೆ ಎರಡು. ಬಾಯಾರಿತು, ಒತ್ತಲಿಲ್ಲ. ಸೊಂಟ ಉರಿಯಿತು, ಮಗ್ಗುಲು ಬದಲಿಸಬೇಕಿತ್ತು, ಹಲ್ಲು ಕಚ್ಚಿ ಮಲಗಿದಳು. ನಿಜವಾಗಿಯೂ ತಡೆಯಲಾಗದ ಹೊತ್ತಿಗೆಂದು ಆ ಒಂದು ಸದ್ದನ್ನು ಜೋಪಾನ ಮಾಡಿದಳು.

ಮಧ್ಯಾಹ್ನ ಗಂಡ ಇಣುಕಿದ. "ಒಂದ್ಸಲಾನೂ ಕರೀಲಿಲ್ಲ. ಆರಾಮಾಗಿದ್ದೀಯ ಅನ್ನು."

ಅವಳು ಎಡಗೈಯ ಬೆರಳನ್ನು ಬೆಸುಗೆಯತ್ತ ಚಾಚಿದಳು. "ಬ್ಬ, ಬ್ಬ."

ಅವನ ಮುಖ ಅರಳಿತು. "ಚೆನ್ನಾಗಿ ಕೂತಿದೆ ಅಂತೀಯಾ? ಮತ್ತೆ, ನನ್ನನ್ನ ಏನಂದ್ಕೊಂಡಿದ್ದೆ?" ಎಂದು ಡಬ್ಬಿ ಎತ್ತಿ, ಅವಳನ್ನು ಖುಷಿಪಡಿಸಲೆಂದೇ ಗುಂಡಿಯನ್ನು ಎರಡು ಸಲ ಗಟ್ಟಿಯಾಗಿ ಒತ್ತಿದ. ಗಂಟೆ ಎರಡು ಸಲವೂ ಹೊಡೆಯಿತು. ಡಬ್ಬಿಯನ್ನು ಅವಳ ಎಡ ಅಂಗೈಯಲ್ಲಿಟ್ಟು, ಕೆನ್ನೆ ತಟ್ಟಿ, ಗಿರಾಕಿ ಕರೆದನೆಂದು ಹೊರಟ.

ಬೆಸುಗೆ ಬಿಟ್ಟು ವೈರು ತಗಡಿನ ಕಿವಿಯಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಹೊರಗೆ ಅವನು ಗಿರಾಕಿಗೆ ತನ್ನ ಬೆಸುಗೆಯ ಕತೆ ಹೇಳುತ್ತಿದ್ದ. ಅವಳಿಗೆ ಈಗ ನಿಜವಾಗಿಯೂ ತಡೆಯಲಾಗುತ್ತಿರಲಿಲ್ಲ. ಗಂಟೆ ಬಡಿಯದೆಂದು ಗೊತ್ತಿದ್ದೂ ಗುಂಡಿ ಒತ್ತಿದಳು.