ಸಣ್ಣ ಗಂಟಲಿನ ವಂಶ

ಬೇಯಿಸಿದ ಕ್ಯಾರೆಟ್ಟು, ಆಲೂಗಡ್ಡೆ, ಅನ್ನ ಎಲ್ಲವನ್ನೂ ಮಿಕ್ಸಿಯಲ್ಲಿ ತಿರುವಿದ್ದು ಸಾಲದೆ, ಅವಳು ಅದನ್ನು ಜರಡಿಗೆ ಸುರಿದು ಚಮಚದ ಬೆನ್ನಿನಿಂದ ಒತ್ತುತ್ತಿದ್ದಳು. ಕೆಳಗಿನ ಬಟ್ಟಲಿಗೆ ಕಿತ್ತಳೆ ಬಣ್ಣದ ಅಂಟು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಲಕೋಟೆ ಅಂಟಿಸಲು ಹೇಳಿ ಮಾಡಿಸಿದ ಗೋಂದು ಎಂದುಕೊಂಡಳು. ಒಂದೂವರೆ ವರ್ಷದ ಮಗಳು ಎತ್ತರದ ಕುರ್ಚಿಯಲ್ಲಿ ಕುಳಿತು, ಇರುವ ನಾಲ್ಕಾರು ಹಲ್ಲುಗಳಿಂದ ಕುರ್ಚಿಯ ಅಂಚನ್ನೇ ಕಡಿಯುತ್ತಿದ್ದಳು.

"ಇನ್ನೊಂದ್ಸಲ ಸೋಸಮ್ಮ," ಎಂದರು ಅತ್ತೆ. "ನಮ್ಮ ವಂಶದವರ ಗಂಟಲು ಸಣ್ಣದು."

ಮದುವೆಯಾಗಿ ಬಂದ ಮೊದಲ ವಾರವೇ ಅವಳಿಗೆ ಈ ಗಂಟಲಿನ ಪರಿಚಯವಾಗಿತ್ತು. ಗಂಡನಿಗೆ ದ್ರಾಕ್ಷಿಯನ್ನು ಬೀಜ ತೆಗೆದು ಕೊಡಬೇಕಿತ್ತು, ಸೇಬನ್ನು ಸಿಪ್ಪೆ ಹೆರೆದು, ಬ್ರೆಡ್ಡನ್ನು ಅಂಚು ಕತ್ತರಿಸಿ. ಕಚೇರಿಯಲ್ಲಿ ಕೈಕೆಳಗೆ ಹತ್ತು ಜನ ಇರುವ ಗಂಡಸು, ಮನೆಯಲ್ಲಿ ಬ್ರೆಡ್ಡಿನ ಅಂಚಿಗೆ ಹೆದರುತ್ತಿದ್ದ. "ಮೂರು ವರ್ಷ ತುಂಬೋವರೆಗೂ ಎಲ್ಲಾ ರುಬ್ಬೇ ತಿನ್ನಿಸಿದ್ದೀನಿ, ನೋಡು ಹೇಗಿದ್ದಾನೆ," ಎನ್ನುತ್ತಿದ್ದರು ಅತ್ತೆ. ಅವಳು ನೋಡುತ್ತಿದ್ದಳು. ಹೇಗಿದ್ದಾನೆಂಬುದು ಚೆನ್ನಾಗಿಯೇ ಕಾಣುತ್ತಿತ್ತು.

ಮಾತಿನ ವಿಷಯವೂ ಅಷ್ಟೇ. ಮಗುವಿನ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದರು. "ಪುಟ್ಟಿಗೆ ನೀರು ಬೇಕಾ? ಹೂಂ ಅಜ್ಜಿ, ಬೇಕು. ಬಿಸಿ ಇದೆಯಾ? ಇಲ್ಲ ಅಜ್ಜಿ, ಸರಿಯಾಗಿದೆ." ಮಗು ಬೆರಳೆತ್ತುವ ಮೊದಲೇ ಲೋಟ, ಗೊಂಬೆ, ಟೋಪಿ ಮೂರೂ ಮುಂದೆ ಬಂದು ಬೀಳುತ್ತಿದ್ದವು. ಅಷ್ಟಾದ ಮೇಲೆ ಸಂಜೆ ಪಕ್ಕದ ಮನೆಯವರ ಹತ್ತಿರ ನಿಟ್ಟುಸಿರು: "ಇನ್ನೂ ಒಂದು ಮಾತು ಬಂದಿಲ್ಲ ನೋಡಿ."

ಫೋನು ರಿಂಗಾಯಿತು. ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಜರಡಿ ಒತ್ತುತ್ತಲೇ ಮಾತಾಡಿದಳು. ಸಮವಸ್ತ್ರ ಹೊಲಿಯುವ ಅಂಗಡಿಯ ಒಡತಿ. ಹೆರಿಗೆಗೆ ಮುಂಚೆ ಇವಳು ಅಲ್ಲಿ ಕಟಿಂಗ್ ಮಾಸ್ಟರ್.

"ಏನ್ ಮಾಸ್ಟರ್, ಸೋಮವಾರ ಬರ್ತೀಯೋ ಇಲ್ವೋ? ಈಗಿರೋನು ತೋಳು ಕತ್ತರಿಸಿದ್ರೆ ಎರಡೂ ಎಡಗೈಗೇ ಆಗುತ್ತೆ. ಅವತ್ತೂ ನೀನು ಬರ್ಲಿಲ್ಲ ಅಂದ್ರೆ ಬೇರೆಯವರನ್ನ ಖಾಯಂ ಮಾಡ್ಕೊಂಡುಬಿಡ್ತೀನಿ. ಇನ್ನು ಕಾಯೋಕಾಗಲ್ಲ."

"ಮನೇಲಿ ಕೇಳಿ ಹೇಳ್ತೀನಿ ಅಕ್ಕ."

"ಹೋದ ತಿಂಗಳೂ ಇದನ್ನೇ ಅಂದೆ. ಕೇಳೋಕೆ ಅಷ್ಟು ದೂರಾನಾ ನಿಮ್ಮನೆ?"

ಮನೆ ದೂರವಿರಲಿಲ್ಲ. ಅದೇ ಅಡುಗೆಮನೆಯ ಮೇಜಿನಲ್ಲಿ ಗಂಡ ಚಹಾ ಕುಡಿಯುತ್ತಿದ್ದ, ಅತ್ತೆ ಅವನ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದರು. ಇಬ್ಬರೂ ಕೇಳಿಸಿಕೊಂಡಿದ್ದರು.

"ನಾನೇನು ಬೇಡ ಅಂದ್ನಾ?" ಎಂದರು ಅತ್ತೆ. "ಮಗು ಗಟ್ಟಿ ಊಟ ಮಾಡ್ಲಿ, ಬಾಯ್ಬಿಟ್ಟು ಬೇಕು ಬೇಡ ಹೇಳ್ಲಿ. ಆಮೇಲೆ ಧಾರಾಳವಾಗಿ ಹೋಗು."

"ಜಗಿಯೋಕೆ ಏನಾದ್ರೂ ಕೊಟ್ರೆ ತಾನೆ ಅತ್ತೆ ಜಗಿಯೋದು."

"ಗಂಟಲಿಗೆ ಸಿಕ್ಕಿಕೊಂಡ್ರೆ? ಕತ್ತರಿ ಆಡಿಸಿದಷ್ಟು ಸುಲಭ ಅಲ್ಲಮ್ಮ, ಮಕ್ಕಳನ್ನ ಸಾಕೋದು."

ಗಂಡ ಮೊಬೈಲಿನಿಂದ ತಲೆಯೆತ್ತಿದ. "ಅಮ್ಮ ಹೇಳೋದ್ರಲ್ಲೂ ಒಂದು ಅರ್ಥ ಇದೆ." ಮನೆಯ ಎಲ್ಲ ಜಗಳಗಳಿಗೂ ಅವನು ಇಟ್ಟುಕೊಂಡಿದ್ದ ಮಾತು ಇದೊಂದೇ.

"ಏನರ್ಥ ರೀ?"

ಅವನು ಸ್ವಲ್ಪ ಯೋಚಿಸಿದ. "ಅದೇ... ಗಂಟಲು."

ಟೀವಿಯಲ್ಲಿ ಅತ್ತೆಯ ಧಾರಾವಾಹಿ ಶುರುವಾಗಿ ತಾಯಿ ಮಗ ಇಬ್ಬರೂ ಹಜಾರಕ್ಕೆ ಹೋದರು. ಅವಳು ಬಟ್ಟಲು ಹಿಡಿದು ಮಗುವಿನ ಮುಂದೆ ಕೂತಳು. ಮಗು ಎರಡು ಚಮಚ ತೆಗೆದುಕೊಂಡು, ಮೂರನೆಯದನ್ನು ಗಲ್ಲದ ಮೇಲೆ ಬಿಟ್ಟು, ಬಾಯಿ ಮುಚ್ಚಿಕೊಂಡಿತು. ಅಂಗಿಯೆಲ್ಲ ರಾಡಿ. ಕೆಳಗಿಳಿಸಿ, ಒದ್ದೆ ಬಟ್ಟೆ ತರಲು ನಲ್ಲಿಯ ಕಡೆ ತಿರುಗಿ ಬರುವಷ್ಟರಲ್ಲಿ ಮಗು ಮೇಜಿನ ಕೆಳಗೆ ಸೇರಿತ್ತು.

ಅವಳು ಬಗ್ಗಿ ನೋಡಿದಳು. ಗಂಡನ ತಟ್ಟೆಯಿಂದ ಜಾರಿ ಬಿದ್ದಿದ್ದ ಬ್ರೆಡ್ಡಿನ ಅಂಚು ಮಗುವಿನ ಮುಷ್ಟಿಯಲ್ಲಿತ್ತು. ಒಂದು ತುದಿ ಬಾಯಲ್ಲಿ. ಕಿತ್ತುಕೊಳ್ಳಲು ಮುಂದಾದ ಕೈಯನ್ನು ಅವಳೇ ಹಿಡಿದುಕೊಂಡಳು. ಹಿಡಿದುಕೊಂಡು ಹಾಗೇ ನೆಲದ ಮೇಲೆ ಕೂತಳು. ಮಗು ಮುಂದಿನ ಹಲ್ಲಿನಿಂದ ಕಡಿಯಿತು, ತುಣುಕನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿತು, ವಸಡಿನಲ್ಲಿ ಅರೆಯಿತು. ಒಮ್ಮೆ ಕೆಮ್ಮಿತು. ಮಗು ತುಣುಕನ್ನು ತಾನೇ ಅಂಗೈಗೆ ಉಗುಳಿ, ಅದರ ಯೋಗ್ಯತೆಯನ್ನು ಪರೀಕ್ಷಿಸಿ, ಮತ್ತೆ ಬಾಯಿಗೆ ಹಾಕಿಕೊಂಡು ನುಂಗಿತು. ವಂಶದ ಗಂಟಲಿಗೆ ಏನೂ ಆಗಲಿಲ್ಲ.

ರೂಢಿಬಲದಿಂದ ಅವಳು ಮೇಜಿನ ಮೇಲಿನ ಬಟ್ಟಲಿನಿಂದ ಒಂದು ಚಮಚ ತೆಗೆದು ಮುಂದೆ ಹಿಡಿದಳು.

"ಬೇಡ," ಎಂದಿತು ಮಗು.

ಸ್ಪಷ್ಟವಾಗಿ, ಬಾಗಿಲಲ್ಲಿ ನಿಂತು ಬಿಡದೆ ಕಾಡುವವರಿಗೆ ಹೇಳುವ ಹಾಗೆ. ಆಮೇಲೆ ಮೇಜಿನ ಕಡೆ ಕೈ ಚಾಚಿ, "ಕೊಲು," ಎಂದಿತು.

ಕೊಟ್ಟಳು. ಅಪ್ಪ ಬಿಟ್ಟ ಅಂಚುಗಳನ್ನು ಮಗಳು ಒಂದಾದ ಮೇಲೊಂದು ತಿಂದಳು.

ಅತ್ತೆಯನ್ನು ಕೂಗುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಗಟ್ಟಿ ಊಟ ಆಯಿತು, ಬೇಕು ಬೇಡವೂ ಆಯಿತು, ಬಂದು ನೋಡಿ. ಕೂಗಿದರೆ ಏನಾಗುತ್ತದೆಂಬುದೂ ಅಷ್ಟೇ ಬೇಗ ಕಂಡಿತು. ಅತ್ತೆ ಓಡಿಬಂದು ಮಗುವಿನ ಬಾಯಿಗೆ ಬೆರಳು ಹಾಕಿ ಎಲ್ಲ ತೆಗೆಯುತ್ತಾರೆ. "ಬೇಡ ಅಜ್ಜಿ, ಹೆದರಿಕೆ ಅಜ್ಜಿ," ಎಂದು ಮಗುವಿನ ಪರವಾಗಿ ಅಳುತ್ತಾರೆ. ಗಂಡ ಮೊಬೈಲು ಹಿಡಿದು "ಇನ್ನೊಂದ್ಸಲ ಹೇಳು ಪುಟ್ಟಿ" ಎನ್ನುತ್ತಾನೆ. ಮಗು ಹೇಳುವುದಿಲ್ಲ. ಹೇಳಿದರೂ, ಚಡ್ಡಿ ಒದ್ದೆ ಮಾಡಿಕೊಳ್ಳುವುದು ನಿಲ್ಲಲಿ ಎನ್ನುತ್ತಾರೆ, ನಿಂತರೆ, ಶಾಲೆಗೆ ಸೇರಲಿ, ಸೇರಿದರೆ, ಮದುವೆಯಾಗಲಿ. ಅದರಲ್ಲೂ ಒಂದು ಅರ್ಥ ಇರುತ್ತದೆ.

ತಾಯಿ ಮಗನ ಮೇಲಿನ ತಾತ್ಸಾರ ಅವಳಿಗೆ ಹಳೆಯದು, ಮನೆಯ ಪಾತ್ರೆಯಷ್ಟು ಬಳಕೆಯದು. ಇವತ್ತು ಅದು ಸುತ್ತಿ ಬಂದು ತನ್ನ ಕಡೆಗೇ ತಿರುಗಿತು. ದಪ್ಪ ಬಟ್ಟೆಯ ನಲವತ್ತು ಪದರವನ್ನು ಒಂದೇ ಸಲಕ್ಕೆ ಗೆರೆ ತಪ್ಪದೆ ಕತ್ತರಿಸುವ ಹೆಂಗಸು ತಾನು. ಕೆಲಸಕ್ಕೆ ಹೋಗಲು ಹಲ್ಲು ಪೂರ್ತಿ ಬರದ ಮಗುವಿನಿಂದ ಪರೀಕ್ಷೆ ಬರೆಸಿ, ಅದು ಪಾಸಾಗಲಿ ಎಂದು ತಿಂಗಳುಗಟ್ಟಲೆ ಗೋಂದು ಸೋಸಿಕೊಂಡು ಕೂತಿದ್ದಾಳೆ. ಮಗು ಇದನ್ನು ಕಲಿತದ್ದು ಯಾರ ಕೆಲಸಕ್ಕಾಗಿಯೂ ಅಲ್ಲ. ಅದಕ್ಕೆ ಹಸಿವಾಗಿತ್ತು.

ಹಜಾರದಿಂದ ಅತ್ತೆಯ ಧ್ವನಿ ಬಂತು. "ಪುಟ್ಟಿ ತಿಂತಾ?"

"ತಿಂದ್ಲು ಅತ್ತೆ."

"ನುಣ್ಣಗಿತ್ತು ತಾನೆ?"

"ಹೂಂ."

"ನೋಡು, ನಾನು ಹೇಳ್ಲಿಲ್ವಾ. ಇನ್ನೊಂದ್ಸಲ ಸೋಸಿದ್ದಕ್ಕೇ."

"ಏ, ಸೋಮವಾರಕ್ಕೆ ನನ್ನ ಬಿಳಿ ಶರ್ಟು ಇಸ್ತ್ರಿ ಮಾಡಿಡು," ಎಂದ ಗಂಡ, ಧಾರಾವಾಹಿಯ ಜಾಹೀರಾತಿನ ನಡುವೆ.

ಅದಕ್ಕೂ ಹೂಂ ಎಂದಳು. ಮಗುವಿನ ಕೆನ್ನೆಗಂಟಿದ ಪುಡಿಯನ್ನು ಒರೆಸುತ್ತ, ಸೋಮವಾರದ ಎಂಟು ಗಂಟೆಯ ಬಸ್ಸು ಮನೆ ಹತ್ತಿರದ ನಿಲ್ದಾಣಕ್ಕೆ ಬರುವಾಗಲೇ ತುಂಬಿರುತ್ತದೆ, ಹಿಂದಿನ ನಿಲ್ದಾಣಕ್ಕೆ ನಡೆದು ಹೋದರೆ ಸೀಟು ಸಿಗುತ್ತದೆ ಎಂದು ಲೆಕ್ಕ ಹಾಕಿದಳು. ಮಗುವನ್ನು ಅತ್ತೆಯ ಮಡಿಲಲ್ಲಿ ಕೂರಿಸಿ, ಚಪ್ಪಲಿ ಮೆಟ್ಟಿಕೊಂಡ ಮೇಲೆ ಬಾಗಿಲಲ್ಲಿ ನಿಂತು ಹೋಗಿ ಬರ್ತೀನಿ ಎಂದರೆ ಆಯಿತು. ಅದು ಕೇಳುವ ಮಾತಲ್ಲ, ಹೇಳುವ ಮಾತು. ಅಲ್ಲಿಯವರೆಗೆ ಯಾರಿಗೂ ಏನೂ ತಿಳಿಯಬೇಕಾಗಿಲ್ಲ, ಅಂಗಡಿಯ ಅಕ್ಕನಿಗೂ.